ಆಟದ ಪುಟ ಬರೆಯುತ್ತಿದ್ದವರು ಎಲ್ಲಿಗೆ ಹೋದರು?

ನಮ್ಮ ಕಕ್ಕಿಂಜೆಗೆ ಪತ್ರಿಕೆಯ ಕಟ್ಟು ಬೆಳ್ತಂಗಡಿ, ಉಜಿರೆ, ಮುಂಡಾಜೆ ಎಲ್ಲ ದಾಟಿ ಬರಬೇಕು. ಚಾರ್ಮಾಡಿ ಘಾಟಿಯ ಬುಡಕ್ಕೆ ಅದು ತಲಪುವಷ್ಟರಲ್ಲಿ ನಮ್ಮ ಮನೆಯಲ್ಲಿ ದನ ಕರೆದು, ಒಂದು ಸುತ್ತು ಚಾ ಆಗಿ, ಮಕ್ಕಳ ಬುತ್ತಿಗೆ ಪಲ್ಯ ಒಲೆಯ ಮೇಲೆ ಇರುತ್ತದೆ. ಮಾವನವರು ಪತ್ರಿಕೆಯನ್ನು ಎಲ್ಲರ ಹಾಗೆ ಮುಂದಿನಿಂದ ಓದುವವರಲ್ಲ, ಹಿಂದಿನಿಂದ ಓದುವವರು. ಮೊದಲು ಆಟದ ಪುಟ, ಆಮೇಲೆ ಅಡಿಕೆ ಧಾರಣೆ, ಆಮೇಲೆ ತೀರಿಕೊಂಡವರ ಸುದ್ದಿ. ರಾಜಕೀಯವೇನಿದ್ದರೂ ಊಟದ ಮೇಲೆ.

ಐ.ಪಿ.ಎಲ್. ಪಂದ್ಯಗಳ ಕಾಲದಲ್ಲಿ ಒಂದು ದಿನ ಅವರು ಕನ್ನಡಕ ತೆಗೆದು ಪತ್ರಿಕೆಯನ್ನು ಮಡಚಿ ಇಟ್ಟುಬಿಟ್ಟರು. "ಇದೆಂಥದು! ನಿನ್ನೆ ರಾತ್ರಿ ಯಾರು ಗೆದ್ದದ್ದು ಅಂತಲೇ ಇಲ್ಲ. ಒಂದು ಕಡೆಯವರ ಆಟ ಮಾತ್ರ ಹಾಕಿದ್ದಾರೆ" ಎಂದರು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ನನ್ನ ಮಗ, "ಅದು ನಿನ್ನೆ ರಾತ್ರಿಯೇ ಫೋನಿನಲ್ಲಿ ಬಂದಾಯ್ತಲ್ಲ ಅಜ್ಜ" ಎಂದ.

ಮಾವ ಮತ್ತೆ ಮಾತಾಡಲಿಲ್ಲ. ಅವರಿಗೆ ಬೇಸರವಾದದ್ದು ಆಟದ ಸೋಲು ಗೆಲುವಿಗಲ್ಲ ಎಂದು ನನಗೆ ಗೊತ್ತು. ಅಂಥ ಪುಟ ಕಟ್ಟುವವರಲ್ಲಿ ಅವರ ಕಿರಿಮಗ, ಎಂದರೆ ನನ್ನ ಮೈದುನ, ಹದಿನೈದು ವರ್ಷ ಒಬ್ಬನಾಗಿದ್ದ. ಈಗ ಅವನು ಯಾವ ಪತ್ರಿಕೆಯಲ್ಲೂ ಕೆಲಸದಲ್ಲಿಲ್ಲ. ಫೋನಿನಲ್ಲಿ ಓದುವ ಸುದ್ದಿ ಬರೆಯುವ ಕಡೆಗೆ ಹೋಗಿದ್ದಾನೆ.

ಸೋದರಿಯರೇ, ಕ್ರಿಕೆಟ್ಟಿಗೂ ಸಾರಿನ ಪುಡಿಗೂ ಎಂಥ ಸಂಬಂಧ ಎಂದು ಪುಟ ಮಗುಚಬೇಡಿ. ನಮ್ಮ ಉಜಿರೆಯ ಕಾಲೇಜಿನಲ್ಲಿ, ಮೂಡುಬಿದಿರೆಯ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಯುವ ಮಕ್ಕಳು ಎಷ್ಟು ಮಂದಿ! ಅವರಲ್ಲಿ ನಿಮ್ಮ ಮಗನೋ, ಮಗಳೋ, ನಾಳೆ ಬರಲಿರುವ ಅಳಿಯನೋ ಇರಬಹುದು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರುವ ಮಾತು ಇವತ್ತು ಯಾರ ಮನೆಯಲ್ಲಿ ಇಲ್ಲ ಹೇಳಿ? ಹಾರುವವರು ಹಾರುತ್ತಾರೆ. ಕೆಳಗೆ ಬಲೆ ಹಿಡಿದು ನಿಲ್ಲಬೇಕಾದವರು ನಾವು. ಆದ್ದರಿಂದ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನಮ್ಮ ಮನೆಮಾತು ತುಳು. ಆಡಿದ ಮಾತನ್ನೆಲ್ಲ ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಮೈದಾ ಅಂಟು ಮತ್ತು ಉದ್ದ ಪುಸ್ತಕ

ಮೈದುನ ಬೆಂಗಳೂರಿನಲ್ಲಿ ಕನ್ನಡ ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಸೇರಿದ್ದು 2009ರಲ್ಲಿ. ಅವನ ಹೆಸರು ಹಾಕಿದ ಮೊದಲ ವರದಿ ಬಂದ ದಿನ ಮಾವ ಕಕ್ಕಿಂಜೆ ಪೇಟೆಯಲ್ಲಿ ನಾಲ್ಕು ಪ್ರತಿ ಕೊಂಡು ತಂದಿದ್ದರು. ಇನ್ನೂರು ಪುಟದ ಉದ್ದ ಪುಸ್ತಕ ತಂದು, ವರದಿ ಕತ್ತರಿಸಿ ಅಂಟಿಸಲು ಶುರುಮಾಡಿದರು. ಅಂಗಡಿಯ ಗೋಂದು ಅವರಿಗೆ ಆಗದು, ಹಳದಿಯಾಗುತ್ತದಂತೆ. ಮೈದಾ ಹಿಟ್ಟಿಗೆ ನೀರು, ಚಿಟಿಕೆ ಮೈಲುತುತ್ತು ಹಾಕಿ ಅಂಟು ಕಾಯಿಸಿ ಕೊಡುವುದು ನನ್ನ ಕೆಲಸವಾಯಿತು. ಹೀಗೆ ಐದು ಪುಸ್ತಕ ತುಂಬಿದವು.

ಪುಸ್ತಕ ತುಂಬಿತು, ಸಂಸಾರ ಮಾತ್ರ ಅರ್ಧವೇ ಆಯಿತು ಎಂದು ನನ್ನ ಓರಗಿತ್ತಿ ಹೇಳುತ್ತಾಳೆ. ಮದುವೆಯಾದದ್ದು 2013ರಲ್ಲಿ. ಗಂಡ ಸಂಜೆ ನಾಲ್ಕಕ್ಕೆ ಹೋದರೆ ಮನೆಗೆ ಬರುವುದು ರಾತ್ರಿ ಎರಡಕ್ಕೆ. ಅವಳು ಮಗಳನ್ನು ಶಾಲೆಗೆ ಹೊರಡಿಸುವಾಗ ಅವನಿಗೆ ನಿದ್ರೆ, ಮಗಳು ಶಾಲೆಯಿಂದ ಬರುವಾಗ ಅವನು ಕಚೇರಿಗೆ ಹೊರಟಿರುತ್ತಾನೆ. ಊರಿಗೆಲ್ಲ ರಜೆ ಇದ್ದ ದಿನವೇ ಆಟ. ಆಟದ ದಿನ ಅವನಿಗೆ ರಜೆ ಇಲ್ಲ.

2023ರ ನವೆಂಬರ್ 12 ನಿಮಗೆ ನೆನಪಿರಬಹುದು. ಅಂದು ದೀಪಾವಳಿ. ಅದೇ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಭಾರತ-ನೆದರ್ಲೆಂಡ್ಸ್ ಪಂದ್ಯ. ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 62 ಎಸೆತದಲ್ಲಿ ನೂರು ಹೊಡೆದ ದಿನ ಅದು. ಇಲ್ಲಿ ಮಾವ ಹಣತೆಗೆ ಎಣ್ಣೆ ಹಾಕುತ್ತಾ ಟಿ.ವಿ. ನೋಡುತ್ತಿದ್ದರು. "ನಾಳೆ ಈ ಪುಟ ನಮ್ಮವನದ್ದೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಓರಗಿತ್ತಿ, ಮಗಳು ಇಬ್ಬರೇ ದೀಪ ಹಚ್ಚಿ ಬಾಗಿಲು ಹಾಕಿಕೊಂಡರು.

ಒಂದು ತಿಂಗಳಾದ ಮೇಲೆ ಮೂವರೂ ಊರಿಗೆ ಬಂದರು. ರಾತ್ರಿ ಗಂಜಿ ಊಟಕ್ಕೆ ಕುಳಿತಾಗ ಮೈದುನ ತಲೆ ತಗ್ಗಿಸಿಕೊಂಡೇ, "ಪತ್ರಿಕೆ ಬಿಡ್ತೇನೆ ಅಪ್ಪ. ಆನ್‌ಲೈನಿನಲ್ಲಿ ಕೆಲಸ ಸಿಕ್ಕಿದೆ" ಎಂದ.

ಮಾವ ತುತ್ತು ಕೆಳಗಿಟ್ಟರು. "ಪತ್ರಿಕೆ ಅಂದ್ರೆ ಕೈಯಲ್ಲಿ ಹಿಡಿಯುವಂಥದ್ದು. ಇದೆಂಥ, ಗಾಳಿಯಲ್ಲಿ ಬರೆಯುವುದಾ? ನಾಳೆ ಅದನ್ನು ಎಲ್ಲಿ ಅಂಟಿಸುವುದು?"

ಅತ್ತೆಯವರದು ಬೇರೆ ಚಿಂತೆ. "ಅದರಲ್ಲಿ ಪಿಂಚಣಿ ಉಂಟಾ ಮಗಾ?"

ನನ್ನ ಗಂಡ ಸಂಬಳ ಎಷ್ಟು ಎಂದು ಕೇಳಿದರು. ತಿಂಗಳಿಗೆ ಹನ್ನೆರಡು ಸಾವಿರ ಹೆಚ್ಚು. ಇಷ್ಟು ಮಾತಾದರೂ ಓರಗಿತ್ತಿ ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ತೆಂಗಿನಕಾಯಿ ಹೆರೆಯುತ್ತಾ ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ಅಕ್ಕ, ಅವರು ನನಗೆ ಹೇಳುವಾಗಲೇ ರಾಜೀನಾಮೆ ಬರೆದು ಕೊಟ್ಟಾಗಿತ್ತು. ಮನೆ ಸಾಲದ ಕಾಗದಕ್ಕೆ ನನ್ನ ರುಜು ಬೇಕಿತ್ತು. ಇದಕ್ಕೆ ನನ್ನನ್ನು ಒಂದು ಮಾತು ಕೇಳಬಾರದಾ?"

ನನಗೆ ಉತ್ತರ ಹೊಳೆಯಲಿಲ್ಲ. ಹೆರೆಮಣೆಯ ಮುಂದೆ ಇಬ್ಬರೂ ಸುಮ್ಮನೆ ಕುಳಿತೆವು.

ಇದು ಶುರುವಾದದ್ದು ಹೇಗೆ?

ಮಾವನಿಗೆ ಸಮಾಧಾನ ಹೇಳಬೇಕಾದರೆ ನನಗೆ ಮೊದಲು ಗೊತ್ತಿರಬೇಕಲ್ಲ? ಮೈದುನನನ್ನೇ ಜಗಲಿಯಲ್ಲಿ ಕೂರಿಸಿ ಕೇಳಿದೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ಇದು ನಿನ್ನೆ ಮೊನ್ನೆಯ ಕಥೆಯಲ್ಲ. 1993ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಎಂಬ ಇಂಗ್ಲಿಷಿನವರು 'ಕ್ರಿಕ್‌ಇನ್ಫೊ' ಎಂಬುದನ್ನು ಆರಂಭಿಸಿದರು. ಅಮೆರಿಕದಲ್ಲಿ ಕ್ರಿಕೆಟ್ ಸುದ್ದಿ ಯಾರು ಹಾಕುತ್ತಾರೆ? ಊರಿನ ನೆನಪಿನಲ್ಲಿದ್ದ ಭಾರತದ ಹುಡುಗರು, ಬೇರೆ ದೇಶದ ಹುಡುಗರು ಸೇರಿಕೊಂಡು, ಆಟ ನೋಡುವವರು ಕಳಿಸಿದ ರನ್ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಹಂಚಿದರು. ಸಂಬಳವಿಲ್ಲ, ಬರಿ ಹುಚ್ಚು. ಅದೇ ಬೆಳೆದು ದೊಡ್ಡದಾಗಿ 2003ರಲ್ಲಿ ವಿಸ್ಡನ್ ಸಂಸ್ಥೆಯ ಕೈಗೆ, 2007ರಲ್ಲಿ ಇ.ಎಸ್.ಪಿ.ಎನ್. ಕೈಗೆ ಹೋಯಿತು. ನಮ್ಮ ಬೆಂಗಳೂರಿನಲ್ಲಿಯೇ ಅದರ ದೊಡ್ಡ ಕಚೇರಿ ಬಂತು. ಲೋಕದಲ್ಲಿ ಎಲ್ಲೋ ನಡೆಯುವ ಆಟದ ಸುದ್ದಿಯನ್ನು ಬೆಂಗಳೂರಿನಲ್ಲಿ ಕುಳಿತ ಹುಡುಗ ಹುಡುಗಿಯರು ಬರೆಯುವ ಹಾಗಾಯಿತು.

ಕನ್ನಡವೂ ಹಿಂದೆ ಬೀಳಲಿಲ್ಲ ನೋಡಿ. 1996ರಲ್ಲಿಯೇ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ತಂದರು. 2000ದಲ್ಲಿ 'ದಟ್ಸ್ ಕನ್ನಡ' ಬಂತು. ಪತ್ರಿಕೆಯಲ್ಲಿ ಪಳಗಿದ್ದ ಎಸ್.ಕೆ. ಶಾಮಸುಂದರ ಅವರು ಅದರ ಸಂಪಾದಕರು. ಈಗ ಅದು 'ಒನ್ ಇಂಡಿಯಾ ಕನ್ನಡ'. ಆಟಕ್ಕೆಂದೇ ಅವರ 'ಮೈಖೇಲ್' ಕನ್ನಡದಲ್ಲೂ ಉಂಟು.

ಪತ್ರಿಕೆ ಬಿಟ್ಟು ಹೋದವರಲ್ಲಿ ಹೆಸರಾಂತ ಹೆಂಗಸರೂ ಇದ್ದಾರೆ. ಶಾರದಾ ಉಗ್ರ ಎಂಬವರು 1980ರ ದಶಕದ ಕೊನೆಯಲ್ಲಿ ಮುಂಬಯಿಯ 'ಮಿಡ್-ಡೇ' ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಸೇರಿದರು. ಆ ಕಾಲದಲ್ಲಿ ಮೈದಾನಕ್ಕೆ ಹೋಗಿ ಬರೆಯುವ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಮೇಲೆ 'ದಿ ಹಿಂದೂ', 'ಇಂಡಿಯಾ ಟುಡೇ'ಗಳಲ್ಲಿ ದುಡಿದು, 2010ರಲ್ಲಿ ಕ್ರಿಕ್‌ಇನ್ಫೊಗೆ ಬಂದರು. 'ಡೆಕ್ಕನ್ ಹೆರಾಲ್ಡ್'ನಲ್ಲಿ ಅನೇಕ ವರ್ಷ ಬರೆದ ಆರ್. ಕೌಶಿಕ್ ಅವರು, 2012ರಲ್ಲಿ ಬೆಂಗಳೂರಿನಿಂದ ಆರಂಭವಾದ 'ವಿಸ್ಡನ್ ಇಂಡಿಯಾ' ಜಾಲತಾಣಕ್ಕೆ ಹೋದರು. ಹೀಗೆ ದೊಡ್ಡವರು ದಾರಿ ಮಾಡಿದರು, ಸಣ್ಣವರು ಹಿಂದೆ ಹೋದರು.

ಏಕೆ ಹೋಗುತ್ತಾರೆ?

"ದುಡ್ಡಿಗಾ?" ಎಂದು ನೇರವಾಗಿ ಕೇಳಿದೆ.

"ದುಡ್ಡೂ ಹೌದು ಅತ್ತಿಗೆ. ಆದರೆ ಅದೊಂದೇ ಅಲ್ಲ" ಎಂದ. "ಐ.ಪಿ.ಎಲ್. ಆಟ ಶುರುವಾಗುವುದು ಏಳೂವರೆಗೆ, ಮುಗಿಯುವಾಗ ಹನ್ನೊಂದು ದಾಟುತ್ತದೆ. ಕಕ್ಕಿಂಜೆಯಂಥ ಊರಿಗೆ ಬೆಳಗ್ಗೆ ಪತ್ರಿಕೆ ಬರಬೇಕಾದರೆ ಅದಕ್ಕಿಂತ ಮೊದಲೇ ಪುಟ ಮುಗಿಸಿ ಅಚ್ಚಿಗೆ ಕೊಡಬೇಕು. ದೂರದ ಊರಿನ ಪ್ರತಿ ಮೊದಲು, ಪೇಟೆಯ ಪ್ರತಿ ಕೊನೆಗೆ. ಅಪ್ಪ ಓದುವ ಪತ್ರಿಕೆಯಲ್ಲಿ ನಾನು ಯಾವತ್ತೂ ಅರ್ಧ ಆಟ ಬರೆದವನೇ. ಪೂರ್ತಿ ಬರೆದದ್ದನ್ನು ಅವರು ಓದಿದ್ದೇ ಇಲ್ಲ."

ಇದನ್ನು ಕೇಳಿ ನನಗೆ ಪಿಚ್ಚೆನ್ನಿಸಿತು. ಮದುವೆ ಮನೆಗೆ ಅಡಿಗೆ ಮಾಡಿ, ಪಾಯಸ ಆಗುವ ಮೊದಲೇ ಬಡಿಸಿ ಮುಗಿಸಿದ ಹಾಗಲ್ಲವೇ?

ಜಾಗದ ಕಷ್ಟವೂ ಉಂಟಂತೆ. ಪುಟ ಎಂದರೆ ಗೇಣು ಹಾಕಿ ಅಳೆದ ಹಾಗೆ. ಜಾಹೀರಾತು ಬಂದರೆ ಸುದ್ದಿ ಹೊರಗೆ. ಮೊದಲು ಹೊರಗೆ ಬೀಳುವುದು ಯಾವುದು? ಕ್ರಿಕೆಟ್ಟಲ್ಲ, ತಾಲೂಕಿನ ಕಬಡ್ಡಿ, ಹೆಣ್ಣುಮಕ್ಕಳ ವಾಲಿಬಾಲು. ಆಮೇಲೆ 2020ರ ಮಾರ್ಚಿನಲ್ಲಿ ಕೊರೋನಾ ಬಂತು. ಆಟವೇ ನಿಂತಿತು. ಟೋಕಿಯೋ ಒಲಿಂಪಿಕ್ಸ್ 2021ಕ್ಕೆ ಹೋಯಿತು, ಐ.ಪಿ.ಎಲ್. ಸೆಪ್ಟೆಂಬರಿನಲ್ಲಿ ಅರಬ್ಬರ ನಾಡಿನಲ್ಲಿ ನಡೆಯಿತು. ಪತ್ರಿಕೆಗಳ ಪುಟ ಇಳಿಯಿತು. ಆಟವಿಲ್ಲದ ಮೇಲೆ ಆಟದ ಪುಟ ಏಕೆ ಎಂಬ ಮಾತು ಆಗ ಹುಟ್ಟಿದ್ದು, ಆಟ ಮರಳಿದರೂ ಪೂರ್ತಿ ಹೋಗಲಿಲ್ಲ ಎಂದ.

ಕಂಬಳದ ಗದ್ದೆಯಲ್ಲಿ ಕಂಡದ್ದು

ಫೋನಿನ ಸುದ್ದಿಯ ಬಲ ಎಂಥದ್ದು ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯದ್ದೇ ಉಂಟಲ್ಲ.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ ಅವರ ದಾಖಲೆ 9.58! ಅಷ್ಟೇ, ಫೋನಿನಿಂದ ಫೋನಿಗೆ ಹಾರಿ ಲೋಕವೆಲ್ಲ ಸುತ್ತಿತು. ಆಗಿನ ಕೇಂದ್ರ ಕ್ರೀಡಾಮಂತ್ರಿ ಕಿರಣ್ ರಿಜಿಜು ಅವರೇ ಓಟದ ಪರೀಕ್ಷೆಗೆ ಕರೆದರು. ಸುಮಾರು ಎರಡು ವಾರ ಕಳೆಯುವಾಗ ನಮ್ಮದೇ ತಾಲೂಕಿನ ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು.

ಎಷ್ಟೋ ವರ್ಷದಿಂದ ನಮ್ಮ ಪತ್ರಿಕೆಗಳು ಕಂಬಳದ ಫಲಿತಾಂಶ ಹಾಕುತ್ತಲೇ ಇದ್ದವು. ಆದರೆ ಅದು ಜಿಲ್ಲೆ ದಾಟಿ ಹೋದದ್ದಿಲ್ಲ. ಫೋನು ದಾಟಿಸಿತು. ಇದು ಅದರ ಒಳ್ಳೆಯ ಗುಣ.

ಕೆಟ್ಟ ಗುಣವೂ ಅಲ್ಲೇ ಕಂಡಿತು. ಶ್ರೀನಿವಾಸ ಗೌಡರು ಆ ಪರೀಕ್ಷೆಗೆ ಒಪ್ಪಲಿಲ್ಲ. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಬಲದಲ್ಲಿ, ಮೈದಾನದಲ್ಲಿ ಓಡುವುದು ಬೆರಳ ತುದಿಯಲ್ಲಿ. ಎರಡೂ ಬೇರೆ ಎಂದರು. ಕೆಸರಿನಲ್ಲಿ ಕೋಣಗಳೂ ಎಳೆಯುತ್ತವಲ್ಲ! ಈ ವಿಷಯ ಗದ್ದೆಯ ಬದುವಿನಲ್ಲಿ ನಿಂತು ನೋಡಿದ ಯಾರಿಗೂ ಗೊತ್ತು. ದೂರದಲ್ಲಿ ಕುಳಿತು 'ಬೋಲ್ಟನನ್ನು ಸೋಲಿಸಿದ' ಎಂದು ಬರೆದವರಿಗೆ ಗೊತ್ತಿರಲಿಲ್ಲ. ಓಡುವವನ ಕಾಲನ್ನು ನೋಡಿ ಬರೆಯುವುದಕ್ಕೂ ಗಡಿಯಾರವನ್ನು ಮಾತ್ರ ನೋಡಿ ಬರೆಯುವುದಕ್ಕೂ ಇರುವ ಅಂತರ ಇದು. ಕಾಗದವಾಗಲಿ, ಫೋನಾಗಲಿ, ಬದುವಿನಲ್ಲಿ ನಿಲ್ಲಲು ಒಬ್ಬ ಮನುಷ್ಯ ಬೇಕೇಬೇಕು.

ಮೈದುನನ ಹೊಸ ಕೆಲಸದಲ್ಲಿ ಮೊದಲು ಇಲ್ಲದಾದದ್ದು ಇದೇ. ದಿನಕ್ಕೆ ಹತ್ತು ಹನ್ನೆರಡು ಸುದ್ದಿ ಬರೆಯಬೇಕು, ಕುಳಿತಲ್ಲಿಂದಲೇ. ಯಾವ ಸುದ್ದಿಯನ್ನು ಎಷ್ಟು ಜನ ತೆರೆದರು ಎಂದು ಪರದೆಯಲ್ಲಿ ಲೆಕ್ಕ ಬರುತ್ತಾ ಇರುತ್ತದೆ. ಆಟಗಾರನ ಹೆಂಡತಿಯ ಸೀರೆಯ ಸುದ್ದಿಗೆ ಲಕ್ಷ ಜನ, ಹಾಕಿ ಆಡುವ ಕೊಡಗಿನ ಹುಡುಗನ ಸುದ್ದಿಗೆ ಮುನ್ನೂರು ಜನ. ತಿಂಗಳ ಕೊನೆಗೆ ಆ ಲೆಕ್ಕವೇ ಮಾತಾಡುವುದು. ಗಂಡ ಈಗ ಮನೆಯಲ್ಲೇ ಇದ್ದಾನೆಂದು ಓರಗಿತ್ತಿಗೆ ಮೊದಲು ಖುಷಿ. ಆಮೇಲೆ ಹೇಳಿದಳು: "ಅಕ್ಕ, ಮೊದಲು ಕಚೇರಿಗೆ ಹೋಗಿ ಕೆಲಸ ಮಾಡುತ್ತಿದ್ದರು. ಈಗ ಕಚೇರಿಯೇ ನಮ್ಮ ಅಡಿಗೆಮನೆಗೆ ಬಂದಿದೆ. ಬಚ್ಚಲಿಗೂ ಫೋನು ತಕ್ಕೊಂಡು ಹೋಗುತ್ತಾರೆ."

ಬಲೆ ಹಿಡಿದ ಕೈ

ಹೆರೆಮಣೆಯ ಮುಂದೆ ಸುಮ್ಮನೆ ಕುಳಿತೆವು ಎಂದೆನಲ್ಲ? ಆ ದಿನ ಮಧ್ಯಾಹ್ನ ನಾವಿಬ್ಬರೂ ಸುಮ್ಮನೆ ಇರಲಿಲ್ಲ. ರಾಜೀನಾಮೆ ಹೇಗೂ ಕೊಟ್ಟಾಗಿದೆ, ಅಳುವುದರಲ್ಲಿ ಪ್ರಯೋಜನವಿಲ್ಲ. ಮಗಳ ನೋಟ್ ಪುಸ್ತಕದ ಹಿಂಬದಿಯಲ್ಲಿ ಮೈದುನನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದೆವು. ಬ್ಯಾಂಕಿನಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿ ಉತ್ತರ ತಿಳಿದುಕೊಂಡೆವು. ನಿಮಗೂ ಬೇಕಾದೀತೆಂದು ಇಲ್ಲಿ ಕೊಡುತ್ತೇನೆ. ಪತ್ರಕರ್ತರ ಮನೆಗೆ ಮಾತ್ರವಲ್ಲ, ಸಂಬಳದ ಯಾವ ಮನೆಗೂ ಇದು ಹೊಂದುತ್ತದೆ.

ಒಂದು, ಪಿ.ಎಫ್. ಕೆಲಸ ಬಿಟ್ಟ ಕೂಡಲೇ ಪಿ.ಎಫ್. ಹಣ ತೆಗೆದು ಸಾಲಕ್ಕೆ ಕಟ್ಟುವ ಆಸೆ ಗಂಡಸರಿಗೆ ಬರುತ್ತದೆ. ಬೇಡ. 12 ಅಂಕೆಯ ಯು.ಎ.ಎನ್. ಸಂಖ್ಯೆ ಒಂದೇ ಇರಲಿ, ಹಳೆಯ ಖಾತೆಯನ್ನು ಹೊಸ ಕೆಲಸಕ್ಕೆ ವರ್ಗ ಮಾಡಿಸಲಿ. 1995ರ ಪಿಂಚಣಿ ಯೋಜನೆಯಲ್ಲಿ ಒಟ್ಟು 10 ವರ್ಷ ಸೇವೆ ಆದವರಿಗೆ 58 ತುಂಬಿದ ಮೇಲೆ ಪಿಂಚಣಿ ಉಂಟು. ಆ ಸೇವೆಯ ಲೆಕ್ಕ ತುಂಡಾಗಬಾರದು. ಅತ್ತೆಯವರ ಪ್ರಶ್ನೆಗೆ ಇದೇ ಉತ್ತರ. ಖಾತೆಯಲ್ಲಿ ನಾಮಿನಿ ಎಂದು ಯಾರ ಹೆಸರಿದೆ ಎಂಬುದನ್ನೂ ನೋಡಿ. ಮದುವೆಗೆ ಮುಂಚೆ ಬರೆದ ಹೆಸರೇ ಎಷ್ಟೋ ಕಡೆ ಹಾಗೇ ಇರುತ್ತದೆ.

ಎರಡು, ಗ್ರಾಚ್ಯುಟಿ. ಐದು ವರ್ಷ ದುಡಿದು ಬಿಡುವವರಿಗೆ ಇದು ಬರಬೇಕಾದ ಹಣ, ಯಾರ ದಯೆಯೂ ಅಲ್ಲ. ಹೊಸ ಕಾರ್ಮಿಕ ಸಂಹಿತೆಯಲ್ಲಿ ಪತ್ರಕರ್ತರಿಗೆ ಮೂರೇ ವರ್ಷ ಸಾಕು. ವರ್ಷಕ್ಕೆ 15 ದಿನದ ಸಂಬಳದಂತೆ, ತಿಂಗಳನ್ನು 26 ದಿನವೆಂದು ಹಿಡಿದು ಲೆಕ್ಕ. ಹದಿನೈದು ವರ್ಷಕ್ಕೆ ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಎಂಟೂವರೆ ತಿಂಗಳಿಗಿಂತ ತುಸು ಹೆಚ್ಚು ಆಗುತ್ತದೆ. 30 ದಿನದೊಳಗೆ ಅರ್ಜಿ ಕೊಡಬೇಕು.

ಮೂರು, ಕಾಯಿಲೆಯ ವಿಮೆ. ಕಂಪೆನಿ ಕೊಡುವ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಆದ್ದರಿಂದ ಮನೆಯವರೆಲ್ಲರ ಹೆಸರಿನಲ್ಲಿ ಸ್ವಂತದ್ದೊಂದು ಇರಲೇಬೇಕು. ಅದನ್ನು ಕೆಲಸ ಇರುವಾಗಲೇ ಮಾಡಿಸಬೇಕು, ಏಕೆಂದರೆ ವಿಮೆ ಮಾಡಿಸಿದ ಮರುದಿನವೇ ಎಲ್ಲ ಕಾಯಿಲೆಗೂ ಹಣ ಸಿಗುವುದಿಲ್ಲ.

ನಾಲ್ಕು, ನೇಮಕದ ಪತ್ರ. ಕಾಯಂ ಕೆಲಸವೋ, ಕರಾರಿನದ್ದೋ? ಬಿಡಿಸುವುದಾದರೆ ಎಷ್ಟು ತಿಂಗಳು ಮುಂಚೆ ಹೇಳಬೇಕು? ಆ ಕಾಗದವನ್ನು ಹೆಂಡತಿಯೂ ಓದಬೇಕು.

ಐದು, ಆರು ತಿಂಗಳ ಮನೆಖರ್ಚು ಮತ್ತು ಸಾಲದ ಕಂತಿನಷ್ಟು ಹಣ ಬೇರೆಯೇ ಇಡಬೇಕು. ಹೆಚ್ಚು ಬಂದ ಹನ್ನೆರಡು ಸಾವಿರವನ್ನು ಓರಗಿತ್ತಿ ಮೊದಲ ತಿಂಗಳಿನಿಂದಲೇ ಮುಟ್ಟಲಿಲ್ಲ. ಹಳೆಯ ಸಂಬಳದಲ್ಲೇ ಸಂಸಾರ ನಡೆಸಿದಳು.

ಕಾನೂನಿನ ಒಂದು ಮಾತೂ ಹೇಳಿಬಿಡುತ್ತೇನೆ. ಪತ್ರಕರ್ತರಿಗೆಂದು 1955ರಲ್ಲೇ ಒಂದು ಕಾಯಿದೆ ಬಂದಿತ್ತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಅದರಲ್ಲಿತ್ತು. ಆದರೆ ಅದು ಅಚ್ಚಾದ ಪತ್ರಿಕೆಯವರಿಗೆ. ಆನ್‌ಲೈನಿಗೆ ಹೋದವರು ಆ ಕೊಡೆಯ ಹೊರಗೆ ನಿಂತ ಹಾಗಾಗಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ ಪತ್ರಕರ್ತ ಎಂಬ ಮಾತಿಗೆ ಡಿಜಿಟಲ್ ಮಾಧ್ಯಮದವರನ್ನೂ ಸೇರಿಸಿದ್ದಾರೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಕೊಡೆ ಬಿಚ್ಚಿದ್ದಾರೆ, ಮಳೆ ಎಷ್ಟು ತಡೆಯುತ್ತದೆ ನೋಡಬೇಕು.

ಮಳೆ ಬಂದೇ ಬಂತು

ನಮ್ಮ ಮನೆಯ ಮೇಲೆ ಮಳೆ ಅದಕ್ಕಿಂತ ಮುಂಚೆಯೇ ಸುರಿಯಿತು. 2025ರ ಏಪ್ರಿಲಿನಲ್ಲಿ, ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಿಗೆ, ಆ ಸಂಸ್ಥೆ ಕನ್ನಡ ವಿಭಾಗವನ್ನೇ ಮುಚ್ಚಿತು. ನಾಲ್ಕು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು. ಅದೂ ಫೋನಿನಲ್ಲೇ ಹೇಳಿ. ಇದು ಹೊಸತಲ್ಲ ಎಂದು ಈಗ ತಿಳಿಯಿತು. 2000-01ರ ಸುಮಾರಿಗೆ ಅಣಬೆಯ ಹಾಗೆ ಎದ್ದಿದ್ದ ಡಾಟ್‌ಕಾಂಗಳಲ್ಲಿ ಎಷ್ಟೋ ಬಾಗಿಲು ಹಾಕಿಕೊಂಡಿದ್ದವು. ವಿಸ್ಡನ್ ಇಂಡಿಯಾ ಕೂಡ 2012ರಲ್ಲಿ ಶುರುವಾದ ರೂಪದಲ್ಲಿ ಇವತ್ತು ಇಲ್ಲ.

ಮೂರು ತಿಂಗಳು ಸಂಬಳವಿಲ್ಲ. ಜೂನಿನಲ್ಲಿ ಮಗುವಿಗೆ ಡೆಂಗ್ಯೂ ಜ್ವರ ಬಂದು ಐದು ದಿನ ಆಸ್ಪತ್ರೆ. ಆಗ ಕೈ ಹಿಡಿದದ್ದು ಓರಗಿತ್ತಿ ಹಟ ಹಿಡಿದು ಮಾಡಿಸಿದ ಸ್ವಂತ ವಿಮೆ, ಮುಟ್ಟದೆ ಇಟ್ಟ ಆ ಹನ್ನೆರಡು ಸಾವಿರಗಳ ಗಂಟು. ಮನೆಯ ಕಂತು ಒಂದೂ ತಪ್ಪಲಿಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿ ಮೈದುನ ನನಗೆ ಫೋನು ಮಾಡಿದ. "ಅತ್ತಿಗೆ, ಅವಳನ್ನು ಮೊದಲೇ ಕೇಳಬೇಕಿತ್ತು" ಎಂದ. "ಅದನ್ನು ನನಗೆ ಹೇಳಿ ಎಂತ ಪ್ರಯೋಜನ? ಅವಳಿಗೆ ಹೇಳು ಮಾರಾಯ" ಎಂದೆ. ಹೇಳಿದನಂತೆ.

ಜುಲೈಯಲ್ಲಿ ಮತ್ತೊಂದು ಕೆಲಸ ಸಿಕ್ಕಿತು. ಅದೂ ಆನ್‌ಲೈನೇ. ಈ ಸಲ ನೇಮಕದ ಪತ್ರವನ್ನು ಇಬ್ಬರೂ ಕುಳಿತು ಓದಿ, ಎರಡು ದಿನ ಬಿಟ್ಟು ರುಜು ಹಾಕಿದ. ಸಂಬಳ ಮೊದಲಿನಷ್ಟೇ, ಹೆಚ್ಚಿಲ್ಲ. ಆದರೆ ತಿಂಗಳಿಗೆ ಒಂದೆರಡು ಸಲ ಮೈದಾನಕ್ಕೆ ಹೋಗಿ ನಿಧಾನವಾಗಿ ಬರೆಯಲು ಬಿಡುತ್ತಾರೆ. ಅದಕ್ಕೇ ಒಪ್ಪಿದ್ದು ಎಂದ.

ನಿಧಾನದ ಬರಹಕ್ಕೆ ಎಲ್ಲಾದರೂ ಜಾಗ ಸಿಕ್ಕೀತು ಎನ್ನುವುದಕ್ಕೆ ಮೇಲೆ ಹೇಳಿದ ಆರ್. ಕೌಶಿಕ್ ಅವರನ್ನೇ ನೋಡಿ. ವಿ.ವಿ.ಎಸ್. ಲಕ್ಷ್ಮಣ್ ಅವರ ಆತ್ಮಕಥೆಗೆ 2018ರಲ್ಲಿ, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ಆತ್ಮಕಥೆಗೆ 2022ರಲ್ಲಿ ಜೊತೆಗೂಡಿ ಬರೆದವರು ಅವರು. ಪತ್ರಿಕೆಯಲ್ಲಿ ಕಲಿತ ಕಸುಬು ಪತ್ರಿಕೆಯ ಜೊತೆಗೇ ಮುಗಿಯಬೇಕೆಂದಿಲ್ಲ.

ಕಳೆದ ಕಂಬಳದ ಕಾಲದಲ್ಲಿ ಮೈದುನ ಊರಿಗೆ ಬಂದು, ರಾತ್ರಿಯಿಡೀ ಗದ್ದೆಯ ಬದುವಿನಲ್ಲಿ ನಿಂತು, ಕೋಣ ಓಡಿಸುವವರ ಮೊಣಕಾಲಿನ ನೋವಿನ ಬಗ್ಗೆ ಒಂದು ಲೇಖನ ಬರೆದ. ಮಗ ಅದನ್ನು ಫೋನಿನಲ್ಲಿ ತೆಗೆದು ಅಜ್ಜನಿಗೆ ಕೊಟ್ಟ. ಅಕ್ಷರ ದೊಡ್ಡದು ಮಾಡಿಕೊಟ್ಟ. ಮಾವ ಕೊನೆಯವರೆಗೂ ಓದಿದರು. ಏನೂ ಹೇಳಲಿಲ್ಲ. ಮರುದಿನ ಪೇಟೆಗೆ ಹೋದವರು ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮೈದಾ ಉಂಟಾ?" ಎಂದು ಕೇಳಿದರು.

ಅಂಟು ಕಾಯಿಸಿ ಕೊಟ್ಟೆ. ಪೂರ್ತಿ ಆಟ ಬರೆದ ಮಗನ ಮೊದಲ ಲೇಖನ ಆರನೆಯ ಪುಸ್ತಕದಲ್ಲಿ ಉಂಟು.

ಸೋದರಿಯರೇ, ಕಾಗದವೇ ಒಳ್ಳೆಯದು, ಫೋನೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕಾಲ ಯಾರನ್ನೂ ಕೇಳಿ ಬದಲಾಗುವುದಿಲ್ಲ. ಆದರೆ ಗಂಡ ನಮ್ಮನ್ನು ಕೇಳಬಹುದಲ್ಲವೇ? ಕೇಳದಿದ್ದರೆ ನಾವೇ ಕೇಳಬೇಕು. ಈ ವಾರ ಬಿಡುವಾದಾಗ, ಮನೆಯವರ ಪಿ.ಎಫ್. ಖಾತೆಯಲ್ಲಿ ನಾಮಿನಿ ಯಾರೆಂದು ಒಂದು ಸಲ ಕೇಳಿ ನೋಡಿ. ಅಲ್ಲಿಂದ ಮಾತು ಶುರುವಾಗುತ್ತದೆ.